ಸೊಂಟದ ಮೂಳೆಗೆ ಸೂಜಿ: ಭಯ ಎಲ್ಲಿ, ಅಪಾಯ ಎಲ್ಲಿ?

‘ಬೋನ್ ಮ್ಯಾರೋ ಮಾಡಿಸಬೇಕು’ ಎಂಬ ಮಾತು ವೈದ್ಯರ ಬಾಯಿಂದ ಬಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಬೆನ್ನುಮೂಳೆಗೆ ಸೂಜಿ ಹಾಕ್ತಾರಾ? ಆಮೇಲೆ ಕಾಲು ಬಿದ್ದುಹೋಗಲ್ಲ ತಾನೆ? ಮಜ್ಜೆ ತೆಗೆದರೆ ಮೂಳೆ ಟೊಳ್ಳಾಗುತ್ತಂತಲ್ಲ?

ಈ ಮೂರಕ್ಕೂ ಉತ್ತರ ‘ಇಲ್ಲ’ ಎಂದೇ. ಸೂಜಿ ಹೋಗುವುದು ಸೊಂಟದ ಮೂಳೆಗೆ. ಕೆಳಬೆನ್ನಿನಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಗುಳಿ ಕಾಣುತ್ತದಲ್ಲ, ಅಲ್ಲಿ ಕೈಯಿಟ್ಟರೆ ಸಿಗುವ ಗಟ್ಟಿ ಉಬ್ಬೇ ಅದರ ಜಾಗ. ಮಿದುಳುಬಳ್ಳಿ ಅದಕ್ಕಿಂತ ಎಷ್ಟೋ ಮೇಲೆ, ಸೊಂಟದ ಮೊದಲೆರಡು ಕಶೇರುಗಳ ಮಟ್ಟದಲ್ಲೇ ಮುಗಿದುಹೋಗಿರುತ್ತದೆ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯೇ ಬೇರೆ, ಇದೇ ಬೇರೆ. ಇನ್ನು ಮೂಳೆ ಟೊಳ್ಳಾಗುವ ಮಾತು: ತೆಗೆಯುವುದು ಕೆಲವೇ ಮಿಲಿಲೀಟರ್ ದ್ರವ, ಜೊತೆಗೆ ಎರಡು ಸೆಂಟಿಮೀಟರ್ ಉದ್ದದ ಎಳೆಯಂಥ ಒಂದು ತುಣುಕು. ಆರೋಗ್ಯವಂತ ವಯಸ್ಕರ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸಿ ಕಳಿಸುತ್ತದೆ. ಅದಕ್ಕೆ ಈ ನಷ್ಟ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಬಹಳ ಅಪರೂಪ, ಆದರೆ ಇದೆ. ಅದು ಜನ ಹೆದರುವ ಜಾಗದಲ್ಲಿಲ್ಲ, ಹೆದರುವ ಹೊತ್ತಿನಲ್ಲೂ ಬರುವುದಿಲ್ಲ. ಅದನ್ನು ತಪ್ಪಿಸುವ ಮಾಹಿತಿ ಎಷ್ಟೋ ಸಲ ರೋಗಿಯ ಮಾತ್ರೆ ಡಬ್ಬಿಯಲ್ಲೇ ಇರುತ್ತದೆ. ಆ ಡಬ್ಬಿಯ ಬಗ್ಗೆ ರೋಗಿಯ ಕಡೆಯವರು ತಾವಾಗಿ ಬಾಯಿಬಿಡುವುದು ಕಡಿಮೆ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈ ವಿಷಯ ಮಾತಾಡಲು ವಿಶೇಷ ಕಾರಣವಿದೆ. ಡೇರಿ ಸರ್ಕಲ್ ಸುತ್ತಮುತ್ತ, ಜಯನಗರದ ಪೂರ್ವದ ಅಂಚಿಗೆ, ಒಂದರ ಬೆನ್ನಿಗೊಂದು ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ: ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯಗಾಂಧಿ ಮೂಳೆ ಆಸ್ಪತ್ರೆ, ಮತ್ತೆ 1973ರ ಜೂನ್ 26ರಂದು ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ರಕ್ತದ ಕ್ಯಾನ್ಸರ್ ಎಂಬ ಅನುಮಾನದ ಚೀಟಿ ಹಿಡಿದು ರಾಯಚೂರು, ಬಳ್ಳಾರಿ, ಚಾಮರಾಜನಗರದಿಂದ ಬರುವವರು ಇಲ್ಲಿಗೇ ಬರುತ್ತಾರೆ. ಬಿಟಿಎಂ ಲೇಔಟ್ ಕಡೆಗೆ ಹೊರಳಿದರೆ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ. ಒಂದು ಕಡೆ ಮಜ್ಜೆ ಪರೀಕ್ಷೆಗೆ ಬರುವ ಜನ, ಇನ್ನೊಂದು ಕಡೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಜನ. ಅರವತ್ತು ದಾಟಿದವರಲ್ಲಿ ಈ ಇಬ್ಬರೂ ಎಷ್ಟೋ ಸಲ ಒಬ್ಬರೇ ಆಗಿರುತ್ತಾರೆ.

ಪರೀಕ್ಷೆ ಯಾಕೆ ಬೇಕಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ರಕ್ತದಲ್ಲಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆಯಾಗಿ ಕಾರಣ ತಿಳಿಯದಿದ್ದಾಗ, ಬಿಳಿ ಕಣಗಳು ಅಸಹಜವಾಗಿ ಕಂಡಾಗ, ಮೂಳೆನೋವಿನ ಜೊತೆ ರಕ್ತದ ಪ್ರೋಟೀನ್ ಏರಿದಾಗ, ವಾರಗಟ್ಟಲೆ ಜ್ವರ ಬಿಡದೆ ಬೇರೆಲ್ಲ ಪರೀಕ್ಷೆಗಳು ಕೈಚೆಲ್ಲಿದಾಗ ವೈದ್ಯರು ಕಾರ್ಖಾನೆಯ ಒಳಗೇ ಇಣುಕಲು ಬಯಸುತ್ತಾರೆ. ಲ್ಯುಕೀಮಿಯಾ, ಮೈಲೋಮ, ಅಪ್ಲಾಸ್ಟಿಕ್ ಅನೀಮಿಯಾ, ಮೂಳೆಗೆ ಇಳಿದ ಕ್ಷಯ, ಎಲ್ಲಕ್ಕೂ ಸಾಕ್ಷಿ ಅಲ್ಲೇ ಸಿಗುವುದು.

ಎಲ್ಲ ಚೀಟಿಗಳೂ ಕ್ಯಾನ್ಸರ್‌ನಲ್ಲೇ ಮುಗಿಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮೂರೂ ಬಗೆಯ ಕಣಗಳು ಒಟ್ಟಿಗೆ ಕುಸಿದ ರೋಗಿಗಳ ಮಜ್ಜೆ ನೋಡಿದಾಗ ಭಾರತದಲ್ಲಿ ಮತ್ತೆ ಮತ್ತೆ ಸಿಗುವ ಕಾರಣ ಬಿ12 ಅಥವಾ ಫೋಲೇಟ್ ಕೊರತೆಯಿಂದ ಬರುವ ರಕ್ತಹೀನತೆ. ಬನಶಂಕರಿ, ಜಯನಗರದ ಎಷ್ಟೋ ಸಸ್ಯಾಹಾರಿ ಮನೆಗಳ ಹಿರಿಯರಿಗೆ ಈ ಕೊರತೆ ಪರಿಚಿತವೇ. ಹಾಲು ಮೊಸರೂ ಕಡಿಮೆಯಾದಾಗ, ಹೊಟ್ಟೆ ಹೀರಿಕೊಳ್ಳುವ ಶಕ್ತಿ ಕುಗ್ಗಿದಾಗ ಅದು ಗಟ್ಟಿಯಾಗುತ್ತದೆ. ತೀವ್ರವಾದ ಬಿ12 ಕೊರತೆಯಲ್ಲಿ ಮಜ್ಜೆಯ ಕಣಗಳು ದೊಡ್ಡದಾಗಿ ಬಲಿಯದೆ ನಿಂತು, ಸೂಕ್ಷ್ಮದರ್ಶಕದಲ್ಲಿ ಲ್ಯುಕೀಮಿಯಾ ಎಂದೇ ದಾರಿ ತಪ್ಪಿಸುವಷ್ಟು ಹೋಲುತ್ತವೆ. ಒಂದು ಇಂಜೆಕ್ಷನ್ ಕೋರ್ಸ್‌ನಲ್ಲಿ ವಾಸಿಯಾಗುವ ಕಾಯಿಲೆಗೆ ಮೂಳೆಗೆ ಸೂಜಿ ಹಾಕುವ ಮುನ್ನ ತೋಳಿನ ರಕ್ತದಲ್ಲಿ ಬಿ12 ನೋಡುವುದು ಒಳ್ಳೆಯದು. ಅಪರೂಪದ ಅಪಾಯವನ್ನು ತಪ್ಪಿಸಲು ಇದಕ್ಕಿಂತ ನೇರ ದಾರಿ ಇನ್ನೊಂದಿಲ್ಲ.

ಇನ್ನು ಪರೀಕ್ಷೆಯ ಕೋಣೆಗೆ ಬರೋಣ.

ರೋಗಿ ಒಂದು ಮಗ್ಗುಲಿಗೆ, ಮಂಡಿ ಮಡಚಿಕೊಂಡು ಮಲಗುತ್ತಾರೆ. ವೈದ್ಯರು ಹೆಬ್ಬೆರಳಿನಲ್ಲಿ ಸೊಂಟದ ಉಬ್ಬನ್ನು ಹುಡುಕಿ ಗುರುತು ಹಾಕುತ್ತಾರೆ. ದಪ್ಪ ಮೈಯವರಲ್ಲಿ ಈ ಹುಡುಕಾಟ ಕಷ್ಟ. ಮುಂದೆ ಬರುವ ತೊಂದರೆಗಳಲ್ಲಿ ಕೆಲವಕ್ಕೆ ಬೇರು ಇಲ್ಲೇ, ಗುರುತು ತಪ್ಪುವುದರಲ್ಲಿ. ಅಯೋಡಿನ್ ಬಳಿದು, ಲಿಗ್ನೊಕೇನ್ ಚುಚ್ಚಿ ಚರ್ಮವನ್ನೂ ಮೂಳೆಯ ಮೇಲಿನ ಪೊರೆಯನ್ನೂ ಮರಗಟ್ಟಿಸುತ್ತಾರೆ. ಆ ಪೊರೆಯಲ್ಲೇ ನರಗಳು ದಟ್ಟವಾಗಿರುವುದು, ಹಾಗಾಗಿ ಅಲ್ಲಿ ಔಷಧಿಗೆ ಎರಡು ಮೂರು ನಿಮಿಷ ಸಮಯ ಕೊಡುವ ವೈದ್ಯರ ಕೈಯಲ್ಲಿ ನೋವು ಕಡಿಮೆ. ಆಮೇಲೆ ದಪ್ಪ ಸೂಜಿಯನ್ನು ಬಲಕ್ಕೆ ಎಡಕ್ಕೆ ತಿರುಚುತ್ತಾ ಒತ್ತುತ್ತಾರೆ. ಗಟ್ಟಿ ಮೂಳೆ ದಾಟಿದಾಗ ಪ್ರತಿರೋಧ ತಟ್ಟನೆ ಸಡಿಲವಾಗುವುದು ವೈದ್ಯರ ಅಂಗೈಗೆ ತಿಳಿಯುತ್ತದೆ.

ಆಗ ಸಿರಿಂಜ್ ಸಿಕ್ಕಿಸಿ ಎಳೆಯುತ್ತಾರೆ. ಆ ಎಳೆತದ ಕೆಲವು ಸೆಕೆಂಡುಗಳು ನೋಯುತ್ತವೆ, ನೋವು ಕೆಲವೊಮ್ಮೆ ತೊಡೆಯವರೆಗೂ ಓಡುತ್ತದೆ. ಮೂಳೆಯ ಒಳಗನ್ನು ಲಿಗ್ನೊಕೇನ್ ಮರಗಟ್ಟಿಸಲಾರದು. ಇದನ್ನು ಮೊದಲೇ ಹೇಳಿಬಿಟ್ಟರೆ ರೋಗಿ ತಡೆದುಕೊಳ್ಳುತ್ತಾರೆ, ಹೇಳದಿದ್ದರೆ ಏನೋ ಎಡವಟ್ಟಾಯಿತು ಎಂದು ಗಾಬರಿಯಾಗುತ್ತಾರೆ. ಮೊದಲ ಎಳೆತಕ್ಕೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಸಾಕು. ಹೆಚ್ಚು ಎಳೆದರೆ ಮಜ್ಜೆಯ ಬದಲು ಬರೀ ರಕ್ತ ಬಂದು ಬೆರೆಯುತ್ತದೆ. ಪಕ್ಕದಲ್ಲಿ ನಿಂತ ತಂತ್ರಜ್ಞರು ಅದನ್ನು ಗಾಜಿನ ಮೇಲೆ ಸುರಿದು ಓರೆಯಾಗಿ ಹಿಡಿಯುತ್ತಾರೆ. ರಕ್ತ ಜಾರಿ ಕೆಳಗೆ ಹೋಗುತ್ತದೆ, ಮಜ್ಜೆಯ ಕಣಗಳು ಒದ್ದೆ ರವೆಯ ಹಾಗೆ ಗಾಜಿಗೆ ಅಂಟಿ ನಿಲ್ಲುತ್ತವೆ. ಅವನ್ನೇ ಎತ್ತಿ ಸ್ಲೈಡಿನ ಮೇಲೆ ಎಳೆಯುತ್ತಾರೆ. ಮಜ್ಜೆ ಹೆಪ್ಪುಗಟ್ಟುವ ಮೊದಲು ಇದೆಲ್ಲ ಮುಗಿಯಬೇಕು. ಕಣ ಕಾಣದಿದ್ದರೆ ಮತ್ತೊಮ್ಮೆ ಎಳೆಯಬೇಕಾಗುತ್ತದೆ. ಮಜ್ಜೆಯಲ್ಲಿ ನಾರು ಬೆಳೆದುಬಿಡುವ ಮೈಲೋಫೈಬ್ರೋಸಿಸ್‌ನಂಥ ಕಾಯಿಲೆಯಲ್ಲಿ ಎಷ್ಟು ಎಳೆದರೂ ಏನೂ ಬರುವುದಿಲ್ಲ. ಅದಕ್ಕೇ ಎರಡನೆಯ ಹಂತ, ಮೂಳೆಯ ತುಣುಕನ್ನೇ ಕೊರೆದು ತೆಗೆಯುವ ಬಯಾಪ್ಸಿ. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

ಹೀಗೆ ನಡೆಯುವ ಪರೀಕ್ಷೆಗಳಲ್ಲಿ ಎಷ್ಟರಲ್ಲಿ ಕೆಡುಕಾಗುತ್ತದೆ? ಈ ಲೆಕ್ಕವನ್ನು ಶ್ರದ್ಧೆಯಿಂದ ಕೂಡಿಸಿದವರು ಲಂಡನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯ ರಕ್ತರೋಗ ತಜ್ಞೆ ಬಾರ್ಬರಾ ಬೇನ್. ಬ್ರಿಟನ್ನಿನ ರಕ್ತರೋಗ ತಜ್ಞರಿಂದ 1995ರಿಂದ 2001ರವರೆಗಿನ ಅನುಭವ ಕೇಳಿ ತರಿಸಿಕೊಂಡು 2003ರಲ್ಲಿ ಪ್ರಕಟಿಸಿದರು. ಅಂದಾಜು 54,890 ಪರೀಕ್ಷೆಗಳಲ್ಲಿ ಗಂಭೀರ ತೊಂದರೆ ಕಂಡದ್ದು 26ರಲ್ಲಿ. ಅಂದರೆ ಎರಡು ಸಾವಿರಕ್ಕೆ ಒಂದು ಎನ್ನುವುದಕ್ಕಿಂತಲೂ ತುಸು ಕಡಿಮೆ. ಆ 26ರಲ್ಲಿ 14 ರಕ್ತಸ್ರಾವ. ಆರು ಮಂದಿಗೆ ರಕ್ತ ಕೊಡಬೇಕಾಯಿತು, ಒಬ್ಬರು ತೀರಿಕೊಂಡರು. 2003ರ ಒಂದೇ ವರ್ಷದ ಮುಂದಿನ ಸಮೀಕ್ಷೆಯಲ್ಲಿ 19,259 ಪರೀಕ್ಷೆಗೆ 16 ತೊಂದರೆಗಳು ಬಂದವು. ವೈದ್ಯರು ತಾವಾಗಿ ನೆನಪಿಟ್ಟು ವರದಿ ಮಾಡಿದ ಲೆಕ್ಕವಿದು, ಚಿಕ್ಕಪುಟ್ಟವು ಬಿಟ್ಟುಹೋಗಿದ್ದರೆ ಆಶ್ಚರ್ಯವಿಲ್ಲ. ಆದರೂ ಅಂಕಿ ಹೇಳುವುದು ಸ್ಪಷ್ಟ: ಕೆಡುಕು ಅತಿ ವಿರಳ, ಆದರೆ ಆಗುವ ಕೆಡುಕಿನಲ್ಲಿ ಅರ್ಧಕ್ಕೂ ಹೆಚ್ಚು ರಕ್ತಸ್ರಾವವೇ.

ಈ ರಕ್ತಸ್ರಾವದ ಸ್ವಭಾವ ವಿಚಿತ್ರ. ಚರ್ಮದ ಮೇಲಿನ ತೂತು ಕಡಲೆಕಾಳಿಗಿಂತ ಚಿಕ್ಕದು, ಅಲ್ಲಿಂದ ರಕ್ತ ಹೊರಗೆ ಸುರಿಯುವುದಿಲ್ಲ. ಸೂಜಿ ಗುರಿತಪ್ಪಿ ಕೆಳಗೆ ಅಥವಾ ಪಕ್ಕಕ್ಕೆ ಜಾರಿದರೆ ಪೃಷ್ಠದ ಸ್ನಾಯುಗಳಿಗೆ ರಕ್ತ ತರುವ ಮೇಲಿನ ಗ್ಲೂಟಿಯಲ್ ಧಮನಿಗೆ ತಾಗಬಹುದು. ಮೂಳೆಯ ಒಳಗೋಡೆಯನ್ನೂ ದಾಟಿ ಮುಂದೆ ಹೋದರೆ ಹೊಟ್ಟೆಯ ಹಿಂಬದಿಯ ಖಾಲಿ ಜಾಗದಲ್ಲಿ ರಕ್ತ ಸೋರಲು ಶುರುವಾಗಬಹುದು. ಎರಡೂ ಕಡೆ ಕಣ್ಣಿಗೆ ಕಾಣದಂತೆ ಒಂದು ಲೀಟರಿಗೂ ಹೆಚ್ಚು ರಕ್ತ ತುಂಬಿಕೊಳ್ಳಲು ಜಾಗವಿದೆ. ಪರೀಕ್ಷೆ ಮುಗಿದಾಗ ಎಲ್ಲ ಚೆನ್ನಾಗಿಯೇ ಇರುತ್ತದೆ. ಮನೆಗೆ ಹೋದ ಮೇಲೆ, ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಸೊಂಟದ ನೋವು ಇಳಿಯುವ ಬದಲು ಏರತೊಡಗುತ್ತದೆ. ಪೃಷ್ಠ ಬಿಗಿಯುತ್ತದೆ. ನೋವು ಕಾಲಿಗೆ ಇಳಿಯುತ್ತದೆ, ಪಾದ ಜೋಮು ಹಿಡಿಯುತ್ತದೆ, ಏಕೆಂದರೆ ತುಂಬಿದ ರಕ್ತ ಸಯಾಟಿಕ್ ನರವನ್ನು ಅದುಮುತ್ತಿರುತ್ತದೆ. ಎದ್ದು ನಿಂತರೆ ತಲೆ ಸುತ್ತು, ಮುಖ ಬಿಳಿಚಿಕೊಳ್ಳುವುದು, ಎದೆಬಡಿತ ಜೋರಾಗುವುದು. ಚರ್ಮ ನೀಲಿಗಟ್ಟುವುದು ಕೆಲವೊಮ್ಮೆ ದಿನ ಕಳೆದ ಮೇಲೆ.

ಬೇಗ ಗುರುತಿಸಿದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ ಸೋರುವ ಧಮನಿ ಕಾಣುತ್ತದೆ. ತೊಡೆಸಂದಿನ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ಸೋರುವ ಜಾಗಕ್ಕೇ ಸಣ್ಣ ಲೋಹದ ಸುರುಳಿ ಇಟ್ಟು ಮುಚ್ಚುತ್ತಾರೆ. ಜಯನಗರ, ಬನ್ನೇರುಘಟ್ಟ ರಸ್ತೆಯ ದೊಡ್ಡ ಆಸ್ಪತ್ರೆಗಳಿಗೆ ಹತ್ತಿರವಿರುವವರಿಗೆ ಇದು ಕೈಗೆಟುಕುವ ಮಾತು. ಪರೀಕ್ಷೆ ಮುಗಿಸಿ ಅದೇ ರಾತ್ರಿ ಕಲಬುರಗಿಯ ಬಸ್ಸು ಹತ್ತಿದವರಿಗೆ?

ಈ ಪ್ರಶ್ನೆಯ ಮುಂದೆ ಸ್ವಲ್ಪ ನಿಲ್ಲಬೇಕು. ಸೊಂಟಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಹತ್ತು ಹನ್ನೆರಡು ಗಂಟೆ ಬಸ್ಸಿನ ಸೀಟಿನಲ್ಲಿ ಕೂತವರಿಗೆ ನೋವು ಏರಿದರೆ ಅದು ಬಸ್ಸಿನ ಕುಲುಕಾಟದಿಂದ ಎಂದೇ ಅನ್ನಿಸುತ್ತದೆ. ಕತ್ತಲಲ್ಲಿ ಮುಖ ಬಿಳಿಚಿದ್ದು ಪಕ್ಕದವರಿಗೂ ಕಾಣದು. ರಕ್ತಸ್ರಾವದ ಅಪಾಯ ಹೆಚ್ಚಿರುವ ಹೊರಜಿಲ್ಲೆಯ ರೋಗಿಗಳಾದರೂ ಆ ಒಂದು ರಾತ್ರಿ ಆಸ್ಪತ್ರೆಯ ಆಸುಪಾಸಿನಲ್ಲಿ, ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ, ಉಳಿಯುವಂತೆ ಹೇಳುವುದು ಎಲ್ಲ ಕಡೆ ಪದ್ಧತಿಯಾಗಬೇಕು. ಕೈಗೆ ಕೊಡುವ ಚೀಟಿಯಲ್ಲಿ ‘ಹೀಗಾದರೆ ಕೂಡಲೇ ಬನ್ನಿ’ ಎಂಬ ನಾಲ್ಕು ಸಾಲು ಕನ್ನಡದಲ್ಲಿ, ಕೆಳಗೊಂದು ಫೋನ್ ನಂಬರ್ ಇರಬೇಕು. ಒಪ್ಪಿಗೆ ಪತ್ರದ ಸಣ್ಣಕ್ಷರದಲ್ಲಿ ‘ರಕ್ತಸ್ರಾವ, ಸೋಂಕು’ ಎಂದು ಎರಡು ಪದ ಅಚ್ಚುಹಾಕಿ ಸಹಿ ಪಡೆದರೆ ಕರ್ತವ್ಯ ಮುಗಿಯಿತು ಎನ್ನಲಾಗದು. ಆ ಪದ ಓದಿದವರು ಕಲ್ಪಿಸಿಕೊಳ್ಳುವುದು ಬ್ಯಾಂಡೇಜ್ ಒದ್ದೆಯಾಗುವುದನ್ನು. ಒಳಗೇ ಸೋರುವ ರಕ್ತ ಅವರ ಮನಸ್ಸಿಗೆ ಬರುವುದೇ ಇಲ್ಲ.

ಯಾರಿಗೆ ಅಪಾಯ ಹೆಚ್ಚು? ಬೆಂಗಳೂರಿಗರು ತಕ್ಷಣ ಹೇಳುವ ಉತ್ತರ ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಎಂದು. ಪ್ರತಿ ಮಳೆಗಾಲ ಡೆಂಗಿ ಬಂದಾಗ ಮನೆಮನೆಯಲ್ಲೂ ಪ್ಲೇಟ್‌ಲೆಟ್ ಎಣಿಕೆಯನ್ನು ಕ್ರಿಕೆಟ್ ಸ್ಕೋರಿಗಿಂತ ಗಮನವಿಟ್ಟು ಕೇಳುವ ಊರಿದು. ಉತ್ತರ ಸಹಜವೇ, ಆದರೆ ಪೂರ್ತಿ ಸರಿಯಲ್ಲ. ಲ್ಯುಕೀಮಿಯಾ ಇರುವ ಎಷ್ಟೋ ರೋಗಿಗಳ ಎಣಿಕೆ ಇಪ್ಪತ್ತು ಸಾವಿರಕ್ಕಿಂತ ಕೆಳಗಿದ್ದಾಗಲೂ, ತೂತಿನ ಮೇಲೆ ಸಾಕಷ್ಟು ಹೊತ್ತು ಒತ್ತಿಹಿಡಿದು, ಪರೀಕ್ಷೆ ಸುರಕ್ಷಿತವಾಗಿ ನಡೆಯುತ್ತದೆ. ಬೇನ್ ಅವರ ಸಮೀಕ್ಷೆಯಲ್ಲಿ ರಕ್ತಸ್ರಾವವಾದವರ ವಿವರ ಬಿಡಿಸಿ ನೋಡಿದಾಗ ಮುಂದೆ ಬಂದು ನಿಂತವು ಬೇರೆ ಎರಡು ಸಂಗತಿ. ಒಂದು, ಮಜ್ಜೆ ಅತಿಯಾಗಿ ಕಣ ಉತ್ಪಾದಿಸುವ ಮೈಲೋಪ್ರೊಲಿಫರೇಟಿವ್ ಕಾಯಿಲೆಗಳು. ಎರಡು, ಆಸ್ಪಿರಿನ್. ಅವುಗಳ ಹಿಂದೆ ವಾರ್ಫರಿನ್, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟಿರುವುದು, ಸ್ಥೂಲಕಾಯ.

ಮೊದಲನೆಯದು ಕೇಳಿದವರಿಗೆ ಒಗಟಿನಂತಿದೆ. ಈ ಗುಂಪಿನ ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ ಇರುವವರ ಪ್ಲೇಟ್‌ಲೆಟ್ ಎಣಿಕೆ ಎಂಟು ಲಕ್ಷ, ಹತ್ತು ಲಕ್ಷ ಮುಟ್ಟಿರಬಹುದು. ಸಹಜ ಮಿತಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಇಷ್ಟು ಹೇರಳವಾಗಿದ್ದರೆ ರಕ್ತ ಬೇಗ ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಕೆಟ್ಟ ಮಜ್ಜೆಯಿಂದ ಬಂದ ಪ್ಲೇಟ್‌ಲೆಟ್‌ಗಳು ಸಂಖ್ಯೆಯಲ್ಲಿ ಹೆಚ್ಚು, ಕೆಲಸದಲ್ಲಿ ಸೋಮಾರಿ. ಎಣಿಕೆ ಹತ್ತು ಲಕ್ಷ ದಾಟಿದಾಗ ಅವು ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಎಂಬ ಅಂಟು ಪ್ರೋಟೀನನ್ನೂ ಖಾಲಿ ಮಾಡುತ್ತವೆ. ಆಗ ರಕ್ತನಾಳದ ಗಾಯಕ್ಕೆ ಪ್ಲೇಟ್‌ಲೆಟ್ ಅಂಟಿಕೊಳ್ಳುವುದೇ ಕಷ್ಟ. ಇದೇ ರೋಗಿಗಳಿಗೆ ರಕ್ತ ಎಲ್ಲೆಂದರಲ್ಲಿ ಗಡ್ಡೆ ಕಟ್ಟುವ ಅಪಾಯವೂ ಇರುವುದರಿಂದ ವೈದ್ಯರು ಆಸ್ಪಿರಿನ್ ಬರೆದಿರುತ್ತಾರೆ. ಹೀಗೆ ಎರಡೂ ಅಪಾಯ ಒಬ್ಬರಲ್ಲೇ ಸೇರುತ್ತವೆ. ಲ್ಯಾಬ್ ವರದಿಯಲ್ಲಿ ದೊಡ್ಡ ಅಂಕಿ ನೋಡಿ ‘ಪ್ಲೇಟ್‌ಲೆಟ್ ಬೇಕಾದಷ್ಟಿದೆ, ತೊಂದರೆಯಿಲ್ಲ’ ಎಂದು ನಿರಾಳವಾಗುವ ಕ್ಷಣವೇ ಎಚ್ಚರ ತಪ್ಪುವ ಕ್ಷಣ.

ಎರಡನೆಯದು ಆ ಮಾತ್ರೆ ಡಬ್ಬಿಯ ವಿಷಯ. ಎಪ್ಪತ್ತರ ಅಜ್ಜನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಮೂರು ವರ್ಷವಾಗಿದೆ ಎಂದುಕೊಳ್ಳಿ. ರಾತ್ರಿ ಊಟವಾದ ಮೇಲೆ ಇಕೋಸ್ಪ್ರಿನ್ ಎಂಬ ಆಸ್ಪಿರಿನ್, ಅದರ ಜೊತೆ ಕ್ಲೋಪಿಡೋಗ್ರೆಲ್ ನುಂಗುವುದು ಅವರಿಗೆ ಕಾಯಿಲೆಯ ಔಷಧಿ ಎನ್ನಿಸುವುದೇ ಇಲ್ಲ, ದಿನಚರಿ. ‘ಯಾವುದಾದರೂ ಮಾತ್ರೆ ತಗೊಳ್ತೀರಾ?’ ಎಂದರೆ ‘ಬಿಪಿಗೆ ಒಂದು, ಶುಗರ್‌ಗೆ ಒಂದು’ ಎಂದು ಹೇಳಿ ಸುಮ್ಮನಾಗುತ್ತಾರೆ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಆಯುಷ್ಯ ಮುಗಿಯುವವರೆಗೆ, ಅಂದರೆ ಏಳರಿಂದ ಹತ್ತು ದಿನ, ಕೆಲಸಕ್ಕೆ ಬಾರದು. ನಿನ್ನೆ ಮಾತ್ರೆ ಬಿಟ್ಟರೆ ಇವತ್ತು ಪ್ರಯೋಜನವಿಲ್ಲ.

ಹಾಗೆಂದು ಮನೆಯವರೇ ಮಾತ್ರೆ ನಿಲ್ಲಿಸಿಬಿಡುವುದು ಇನ್ನೂ ದೊಡ್ಡ ಅನಾಹುತ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ಕೇಳದೆ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಆ ಅಪಾಯದ ಮುಂದೆ ಮಜ್ಜೆ ಪರೀಕ್ಷೆಯ ಅಪಾಯ ಚಿಕ್ಕದು. ಆದ್ದರಿಂದ ಹೃದಯದ ವೈದ್ಯರು ಮತ್ತು ರಕ್ತದ ವೈದ್ಯರು ಪರಸ್ಪರ ಮಾತಾಡಿ ನಿರ್ಧರಿಸಬೇಕಾದ ವಿಷಯವಿದು. ಮಾತ್ರೆ ನಿಲ್ಲಿಸಲಾಗದಿದ್ದರೂ ಪರೀಕ್ಷೆ ಮಾಡಬಹುದು, ಕೈ ಪಳಗಿದವರು ಮಾಡುತ್ತಾರೆ, ಹೆಚ್ಚು ಹೊತ್ತು ಒತ್ತುತ್ತಾರೆ, ಹೆಚ್ಚು ಹೊತ್ತು ಅಂಗಾತ ಮಲಗಿಸುತ್ತಾರೆ, ಕೆಲವು ಗಂಟೆ ಕಣ್ಣಿಟ್ಟಿರುತ್ತಾರೆ. ದಕ್ಷಿಣ ಬೆಂಗಳೂರಿನಲ್ಲಿ ಹೃದಯದ ಆಸ್ಪತ್ರೆಗೂ ಕ್ಯಾನ್ಸರ್ ಆಸ್ಪತ್ರೆಗೂ ನಡುವೆ ಆಟೋದ ದೂರ, ಆದರೆ ಎರಡು ಕಡೆಯ ಕಾಗದಗಳು ಬೇರೆ ಬೇರೆ ಫೈಲುಗಳಲ್ಲಿ ಇರುತ್ತವೆ. ಆ ದೂರ ಮುಗಿಸುವ ಕೆಲಸ ಸದ್ಯಕ್ಕೆ ರೋಗಿಯ ಮಗನದೋ ಸೊಸೆಯದೋ ಆಗಿದೆ. ಮಾತ್ರೆಯ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡುವುದು ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಉತ್ತಮ. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಮನೆತನದಲ್ಲಿದ್ದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಒದ್ದಾಡಿದ್ದರೆ, ಅದನ್ನೂ ಹೇಳಬೇಕು. ಕೊರತೆಯಿರುವ ಅಂಶವನ್ನು ಮೊದಲೇ ಕೊಟ್ಟು ಸೂಜಿ ಹಾಕುವ ವ್ಯವಸ್ಥೆ ಇದೆ.

ಸೊಂಟದ ಬದಲು ಎದೆಮೂಳೆಯಿಂದ ಮಜ್ಜೆ ತೆಗೆಯುವುದನ್ನು ಕೆಲವರು ನೋಡಿರಬಹುದು. ಅದರ ಕಥೆಯೇ ಬೇರೆ. ರಕ್ತ ಹುಟ್ಟುವುದು ಮೂಳೆಯೊಳಗೆ ಎಂದು ಕೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಜ್ಜೊಜೆರೊ 1868ರಲ್ಲಿ ತೋರಿಸಿದ ಮೇಲೂ ಬದುಕಿರುವವರ ಮಜ್ಜೆ ನೋಡಲು ಸುಲಭದ ದಾರಿ ಇರಲಿಲ್ಲ. ಲೆನಿನ್‌ಗ್ರಾಡ್‌ನ ಮಿಖಾಯಿಲ್ ಅರಿಂಕಿನ್ 1920ರ ದಶಕದ ಕೊನೆಗೆ ಎದೆಮೂಳೆಗೆ ಸೂಜಿ ಹಾಕಿ ಎಳೆಯುವ ಸರಳ ವಿಧಾನ ಪ್ರಕಟಿಸಿದರು. ಚರ್ಮದ ಕೆಳಗೇ ಸಿಗುವ ಮೂಳೆ, ಶಸ್ತ್ರಚಿಕಿತ್ಸೆ ಬೇಡ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು. ಜಗತ್ತಿನ ಎಲ್ಲ ಆಸ್ಪತ್ರೆಗಳೂ ಅದನ್ನು ಅಪ್ಪಿಕೊಂಡವು. ಆದರೆ ಎದೆಮೂಳೆಯ ದಪ್ಪ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು, ಹಿಂದೆ ಹೃದಯವೂ ಮಹಾಧಮನಿಯೂ ಇವೆ. ಸೂಜಿ ಆಚೆಗೆ ದಾಟಿ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ, ಹೃದಯ ಬಡಿಯಲಾಗದೆ ಸಾವು ಸಂಭವಿಸಿದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸಲಾಹ್ ಸೂಜಿಯ ಮೈಮೇಲೆ ಒಂದು ಅಡ್ಡತಟ್ಟೆ, ಅದನ್ನು ಬಿಗಿಯುವ ತಿರುಪು ಇರುವುದು ಇದೇ ಕಾರಣಕ್ಕೆ. ಎಷ್ಟು ಆಳ ಹೋಗಬೇಕೋ ಅಷ್ಟಕ್ಕೆ ಬಿಗಿದಿಟ್ಟರೆ ಅದಕ್ಕಿಂತ ಒಳಗೆ ಇಳಿಯದು. ಎದೆಮೂಳೆಯಿಂದ ದ್ರವ ಎಳೆಯಬಹುದೇ ಹೊರತು ಅಲ್ಲಿ ಕೊರೆಯುವ ಬಯಾಪ್ಸಿ ಎಂದಿಗೂ ಸಲ್ಲದು. ಮೈಲೋಮದಂಥ ಕಾಯಿಲೆ ಮೂಳೆಯನ್ನು ತಿಂದು ಮೆದುಮಾಡಿರುವವರಲ್ಲಿ ಎದೆಗೆ ಸೂಜಿಯೇ ಬೇಡ.

1971ರಲ್ಲಿ ಅಮೆರಿಕದಲ್ಲಿ ಖೊಸ್ರೊ ಜಂಶೀದಿ ತುದಿ ಕಿರಿದಾದ ಹೊಸ ಸೂಜಿಯನ್ನು ಪರಿಚಯಿಸಿದರು. ಕೊರೆದ ತುಣುಕು ನಜ್ಜುಗುಜ್ಜಾಗದೆ ಇಡಿಯಾಗಿ ಸಿಗುವಂತಾಯಿತು, ಸೊಂಟದ ಹಿಂಬದಿಯೇ ಎಲ್ಲರ ಮೊದಲ ಆಯ್ಕೆಯಾಯಿತು. ಎಳೆಯ ಕೂಸುಗಳಲ್ಲಿ ಮಾತ್ರ ಮೊಣಕಾಲ ಕೆಳಗಿನ ಮೂಳೆಯಿಂದ ತೆಗೆಯುವುದುಂಟು. ಮಕ್ಕಳಿಗೆ ನಿದ್ದೆಯ ಔಷಧಿ ಕೊಟ್ಟು ಪರೀಕ್ಷೆ ಮಾಡುವುದೇ ಕರುಣೆ. ಆಗ ಗಮನವಿಡಬೇಕಾದ್ದು ಸೂಜಿಗಿಂತ ಉಸಿರಾಟದ ಮೇಲೆ, ಅದಕ್ಕಾಗಿ ಅರಿವಳಿಕೆ ತಜ್ಞರು ಪಕ್ಕದಲ್ಲಿರುತ್ತಾರೆ.

ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸಬಹುದು. ಬಿಳಿ ಕಣ ತೀರಾ ಕಡಿಮೆ ಇರುವವರಲ್ಲಿ ತೂತಿನ ಜಾಗ ಸೋಂಕಾಗುವುದುಂಟು, ಮೂಳೆಗೇ ಇಳಿಯುವುದು ಬಹಳ ವಿರಳ. ಗಟ್ಟಿಯಾದ ಮೂಳೆಯಲ್ಲಿ ಜೋರು ಮಾಡಿದಾಗ ಸೂಜಿ ಮುರಿದು ತುದಿ ಒಳಗೇ ಉಳಿದ ಉದಾಹರಣೆಗಳಿವೆ, ಶಸ್ತ್ರಚಿಕಿತ್ಸಕರು ತೆಗೆಯುತ್ತಾರೆ. ಗಾಯಗೊಂಡ ಧಮನಿ ವಾರಗಳ ನಂತರ ಬುಗ್ಗೆಯಂತೆ ಉಬ್ಬುವುದು, ಧಮನಿಗೂ ಅಭಿಧಮನಿಗೂ ನಡುವೆ ಅಡ್ಡದಾರಿ ಬೀಳುವುದು ಬೆರಳೆಣಿಕೆಯ ವರದಿಗಳು. ಮೈಲೋಮದ ಕಣಗಳು ಸೂಜಿ ಹಾದ ದಾರಿಯಲ್ಲೇ ಬೆಳೆದದ್ದೂ ಅಂಥದ್ದೇ ಅಪರೂಪ. ಇವಕ್ಕೆಲ್ಲ ಹೆದರಿ ಲ್ಯುಕೀಮಿಯಾದ ಪರೀಕ್ಷೆ ಮುಂದೂಡಿದರೆ ನಷ್ಟ ನೂರು ಪಟ್ಟು. ತೀವ್ರ ಲ್ಯುಕೀಮಿಯಾದಲ್ಲಿ ದಿನಗಳೇ ಲೆಕ್ಕ. ಗೂಗಲ್‌ನಲ್ಲಿ ಓದಿ ಹೆದರಿ ‘ನಾಟಿ ಔಷಧಿ ಒಂದು ತಿಂಗಳು ನೋಡೋಣ’ ಎಂದು ಹೊರಟವರನ್ನು ತಡೆಯಬೇಕು.

ಮನೆಗೆ ಬಂದ ಮೇಲೆ ಮಾಡಬೇಕಾದ್ದು ಹೆಚ್ಚೇನಿಲ್ಲ. ಒಂದು ದಿನ ಬ್ಯಾಂಡೇಜ್ ಒದ್ದೆ ಮಾಡಬಾರದು. ಸ್ಕೂಟರ್ ಓಡಿಸುವುದು, ಕೊಡ ಎತ್ತುವುದು, ಮೂರು ಮಹಡಿ ಹತ್ತಿಳಿಯುವುದು ಅವತ್ತಿಗೆ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕಾಂಬಿಫ್ಲಾಮ್ ಕೊಟ್ಟುಬಿಡುತ್ತಾರೆ, ಅದರಲ್ಲಿರುವ ಐಬುಪ್ರೊಫೆನ್ ಕೂಡ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ. ಡೈಕ್ಲೋಫೆನಾಕ್ ಇಂಜೆಕ್ಷನ್ನೂ ಹಾಗೆಯೇ. ಒಂದೆರಡು ದಿನ ಮೂಗೇಟಿನಂಥ ನೋವು ಸಹಜ, ಅದು ದಿನದಿನಕ್ಕೆ ಇಳಿಯಬೇಕು. ಏರುತ್ತಾ ಹೋದರೆ, ಕಾಲಿಗೆ ಜೋಮು ಇಳಿದರೆ, ತಲೆ ಸುತ್ತಿದರೆ, ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಹತ್ತಿರದ ಆಸ್ಪತ್ರೆಗೆ ಹೋಗಿ ‘ನಿನ್ನೆ ಸೊಂಟದಿಂದ ಮಜ್ಜೆ ತೆಗೆದಿದ್ದಾರೆ’ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಆ ಮಾತು ಹೇಳದಿದ್ದರೆ ಸಯಾಟಿಕಾ ಎಂದೋ ಸೊಂಟ ಹಿಡಿದಿದೆ ಎಂದೋ ನೋವಿನ ಇಂಜೆಕ್ಷನ್ ಹಾಕಿ ಕಳಿಸುವ ಸಾಧ್ಯತೆ ಇದೆ.

ಸ್ಲೈಡಿನ ವರದಿ ಒಂದೆರಡು ದಿನದಲ್ಲಿ ಬರುತ್ತದೆ. ಮೂಳೆಯ ತುಣುಕಿನದು ತಡ, ಅದರ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ ಮೆದುವಾಗಿಸಿದ ಮೇಲಷ್ಟೇ ಕತ್ತರಿಸಿ ನೋಡಲು ಸಾಧ್ಯ. ವಾರ ಕಾಯಬೇಕಾಗಿ ಬಂದರೆ ಅದಕ್ಕೆ ಕಾರಣ ಇದೇ. ಮುಂದಿನ ಸಲ ಮತ್ತೆ ಚುಚ್ಚಬೇಕೇ ಎಂಬುದು ಕಾಯಿಲೆಯ ಮೇಲೆ ನಿಂತಿದೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ ಇರುವವರು ಇಮ್ಯಾಟಿನಿಬ್ ಮಾತ್ರೆ ಶುರುಮಾಡಿದ ಮೇಲೆ ಕಾಯಿಲೆ ಎಷ್ಟು ಇಳಿದಿದೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ತೋಳಿನ ರಕ್ತದಲ್ಲೇ ಪಿಸಿಆರ್ ಮಾಡಿ ಅಳೆಯುತ್ತಾರೆ. ಕ್ರಾನಿಕ್ ಲಿಂಫೊಸೈಟಿಕ್ ಲ್ಯುಕೀಮಿಯಾವನ್ನು ಗುರುತಿಸಲು ಬಹುತೇಕ ರಕ್ತದ ಫ್ಲೋ ಸೈಟೊಮೆಟ್ರಿಯೇ ಸಾಕು. ಮೈಲೋಪ್ರೊಲಿಫರೇಟಿವ್ ಕಾಯಿಲೆಗಳಲ್ಲಿ 2005ರಲ್ಲಿ ಪತ್ತೆಯಾದ ಜೆಎಕೆ2 ರೂಪಾಂತರದ ಪರೀಕ್ಷೆಯೂ ರಕ್ತದಿಂದಲೇ ಆಗುತ್ತದೆ. ತೀವ್ರ ಲ್ಯುಕೀಮಿಯಾದವರಿಗೆ ಮಾತ್ರ ಕೀಮೊ ಮೊದಲ ಸುತ್ತು ಮುಗಿದ ಮೇಲೆ ಮಜ್ಜೆ ಶುದ್ಧವಾಗಿದೆಯೇ ಎಂದು ನೋಡಲು ಇನ್ನೊಮ್ಮೆ ಮಗ್ಗುಲಾಗಿ ಮಲಗಬೇಕು. ಆ ಹೊತ್ತಿಗೆ ಔಷಧಿಗಳ ಪಟ್ಟಿ ಬದಲಾಗಿರುತ್ತದೆ, ಹಾಗಾಗಿ ಡಬ್ಬಿ ಮತ್ತೆ ಜೊತೆಗೆ ಹೋಗಬೇಕು.